ಗೋಡೆಯ ಮೇಲಿನ ಫೋಟೋದಲ್ಲಿರುವ ಮೇಷ್ಟ್ರು

ಪ್ರಶ್ನೆ: ನನ್ನ ಹನ್ನೊಂದು ವರ್ಷದ ಮಗಳು ಎರಡು ವರ್ಷಗಳಿಂದ ಶೋಟೋಕಾನ್ ಕರಾಟೆ ಕಲಿಯುತ್ತಿದ್ದಾಳೆ. ತರಗತಿ ನಡೆಯುವ ಸಭಾಭವನದ ಗೋಡೆಯ ಮೇಲೆ ಒಬ್ಬ ವೃದ್ಧರ ಕಪ್ಪುಬಿಳುಪು ಫೋಟೋ ಇದೆ. ಮಕ್ಕಳು ಅದಕ್ಕೆ ಬಾಗಿ ವಂದಿಸಿದ ಮೇಲೆಯೇ ಅಭ್ಯಾಸ ಶುರುವಾಗುತ್ತದೆ. ಅವರ ಹೆಸರು ಗಿಚಿನ್ ಫುನಾಕೋಶಿ ಎಂದಷ್ಟೇ ನನಗೆ ತಿಳಿದಿರುವುದು. ಕರಾಟೆಯನ್ನು ಕಂಡುಹಿಡಿದವರು ಇವರೇ? ಇವರು ಸ್ಪರ್ಧೆಗಳನ್ನು ಒಪ್ಪುತ್ತಿರಲಿಲ್ಲ ಎಂದು ಎಲ್ಲೋ ಓದಿದೆ. ಹಾಗಿದ್ದರೆ ಮಕ್ಕಳನ್ನು ಮೇಲಿಂದ ಮೇಲೆ ಟೂರ್ನಮೆಂಟುಗಳಿಗೆ ಕರೆದೊಯ್ಯುವುದು ಸರಿಯೇ? (ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿ ಉತ್ತರಿಸುವುದಾದರೆ, ಕರಾಟೆಯನ್ನು ಕಂಡುಹಿಡಿದವರು ಫುನಾಕೋಶಿಯವರಲ್ಲ. ಅವರು ಹುಟ್ಟುವುದಕ್ಕೆ ಬಹಳ ಮೊದಲೇ ಓಕಿನಾವಾ ದ್ವೀಪದ ಶುರಿ, ನಾಹಾ, ತೊಮಾರಿ ಊರುಗಳಲ್ಲಿ ಸ್ಥಳೀಯ ಕೈಕಾಳಗದ ವಿದ್ಯೆಯೂ ಚೀನಾದಿಂದ ಬಂದ ಪಟ್ಟುಗಳೂ ಬೆರೆತು ಬೆಳೆದಿದ್ದವು. ಅವರನ್ನು ಆಧುನಿಕ ಕರಾಟೆಯ ಪಿತಾಮಹ ಎಂದು ಕರೆಯುವುದುಂಟು. ಆ ಬಿರುದಿನಲ್ಲಿಯೂ ಇತೋಸು, ಮಿಯಾಗಿ, ಮಾಬುನಿಯಂಥ ಓಕಿನಾವಾದ ಇತರ ಗುರುಗಳಿಗೆ ಪಾಲು ಸಲ್ಲಬೇಕು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕರಾಟೆಯನ್ನು ಅಭ್ಯಾಸ ಮಾಡಿಕೊಂಡು ಬಂದಿರುವ ನಾನು ಅವರನ್ನು ಇನ್ನೊಂದು ಹೆಸರಿನಿಂದ ನೆನೆಯಲು ಇಷ್ಟಪಡುತ್ತೇನೆ: ಅವರು ಪ್ರಾಥಮಿಕ ಶಾಲೆಯ ಮೇಷ್ಟ್ರು. ಆ ಫೋಟೋದಲ್ಲಿರುವವರನ್ನು ಮಹಾ ಹೋರಾಳು ಎಂದುಕೊಂಡರೆ ಅವರ ಬದುಕಿನ ಅರ್ಧ ಸಂಗತಿಗಳು ಅರ್ಥವಾಗುವುದಿಲ್ಲ. ಮೇಷ್ಟ್ರೆಂದು ನೋಡಿದರೆ, ಅವರು ಮಾಡಿದ್ದು, ಮಾಡದೆ ಬಿಟ್ಟದ್ದು, ಶಿಷ್ಯರೊಡನೆ ಭಿನ್ನಾಭಿಪ್ರಾಯ ಪಟ್ಟದ್ದು ಎಲ್ಲವೂ ಒಂದೇ ಸ್ವಭಾವದಿಂದ ಬಂದವು ಎಂಬುದು ಕಾಣುತ್ತದೆ.

ಅವರು ಹುಟ್ಟಿದ್ದು 1868ರಲ್ಲಿ, ರ್ಯುಕ್ಯು ರಾಜ್ಯದ ರಾಜಧಾನಿಯಾಗಿದ್ದ ಶುರಿಯಲ್ಲಿ. ಅದೇ ವರ್ಷ ಜಪಾನಿನಲ್ಲಿ ಮೇಜಿ ಆಳ್ವಿಕೆ ಆರಂಭವಾಯಿತು. ಅವರಿಗೆ ಹನ್ನೊಂದು ತುಂಬುವ ಹೊತ್ತಿಗೆ, 1879ರಲ್ಲಿ, ಜಪಾನು ರ್ಯುಕ್ಯು ರಾಜ್ಯವನ್ನು ತನ್ನೊಳಗೆ ಸೇರಿಸಿಕೊಂಡು ಓಕಿನಾವಾ ಪ್ರಾಂತವೆಂದು ಹೆಸರಿಟ್ಟಿತು. ಕುಟುಂಬವು ಕೆಳದರ್ಜೆಯ ರಾಜಸೇವಕ ವರ್ಗಕ್ಕೆ ಸೇರಿತ್ತು. ಗೌರವವಿತ್ತು, ಹಣವಿರಲಿಲ್ಲ, ತಂದೆಗೆ ಕುಡಿತದ ಚಟವಿತ್ತು. ದಿನ ತುಂಬುವ ಮೊದಲೇ ಹುಟ್ಟಿದ ಮಗು ಬದುಕುವುದು ಕಷ್ಟವೆಂದು ಎಲ್ಲರೂ ಭಾವಿಸಿದ್ದರು; ಅವರನ್ನು ಸಾಕಿದವರು ತಾಯಿಯ ತಂದೆತಾಯಿ. ವೈದ್ಯನಾಗಬೇಕೆಂಬ ಆಸೆ ಹುಡುಗನಿಗಿತ್ತು. ಟೋಕಿಯೋದ ವೈದ್ಯಶಾಲೆಗೆ 1870 ಅಥವಾ ಆನಂತರ ಹುಟ್ಟಿದವರಿಗೆ ಮಾತ್ರ ಪ್ರವೇಶವಿದ್ದುದರಿಂದ ದಾಖಲೆಯಲ್ಲಿ ಜನ್ಮವರ್ಷವನ್ನು ತಿದ್ದಿಸಿಕೊಂಡದ್ದನ್ನು ಅವರೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಕೆಲವು ಕಡೆ ಅವರ ಜನ್ಮವರ್ಷ 1870 ಎಂದು ಕಾಣುವುದಕ್ಕೆ ಇದೇ ಕಾರಣ. ಪರೀಕ್ಷೆ ಪಾಸಾದರೂ ಸೇರಲಾಗಲಿಲ್ಲ, ಏಕೆಂದರೆ ಜುಟ್ಟು ಅಡ್ಡ ಬಂತು. ಹೊಸ ಸರ್ಕಾರವು ತಲೆಯ ಮೇಲಿನ ಸಾಂಪ್ರದಾಯಿಕ ಜುಟ್ಟನ್ನು ತೆಗೆಸಬೇಕೆನ್ನುತ್ತಿತ್ತು, ಫುನಾಕೋಶಿಯವರ ಮನೆತನ ಅದನ್ನು ಪ್ರಾಣದಂತೆ ಹಿಡಿದುಕೊಂಡಿತ್ತು. ಕೆಲವು ವರ್ಷಗಳ ನಂತರ ಸಹಾಯಕ ಶಿಕ್ಷಕನ ಕೆಲಸ ಸಿಕ್ಕಾಗ ಅದೇ ಜುಟ್ಟನ್ನು ಕತ್ತರಿಸಿಕೊಂಡು ಮನೆಗೆ ಹೋದರು. ತಂದೆ ಕೆಂಡವಾದರು, ತಾಯಿ ಮಗನ ಮುಖ ನೋಡಲಾರದೆ ಹೊರಟುಹೋದರು. ಹಳೆಯದರ ಮೇಲೆ ಗೌರವವಿದ್ದೂ ಹೊಸದಕ್ಕೆ ತಲೆಗೊಡುವ ಈ ಸ್ವಭಾವವನ್ನು ಗಮನದಲ್ಲಿಡಿ, ಮುಂದೆ ಕರಾಟೆಯ ವಿಷಯದಲ್ಲೂ ಅವರು ಹೀಗೆಯೇ ನಡೆದುಕೊಂಡರು.

ಕರಾಟೆ ಅವರಿಗೆ ಸಿಕ್ಕಿದ್ದು ಶಾಲೆಯ ಗೆಳೆಯನೊಬ್ಬನ ಮನೆಯಲ್ಲಿ. ಗೆಳೆಯನ ತಂದೆ ಆಂಕೋ ಅಜಾತೋ ಅವರು ಓಕಿನಾವಾದ ದೊಡ್ಡ ಕರಾಟೆ ಗುರುಗಳಲ್ಲಿ ಒಬ್ಬರು, ಕತ್ತಿವರಸೆಯಲ್ಲಿಯೂ ಪಳಗಿದವರು. ಆಗ ಈ ವಿದ್ಯೆಯನ್ನು ಬಹಿರಂಗವಾಗಿ ಕಲಿಸುವ ರೂಢಿ ಇರಲಿಲ್ಲ. ಫುನಾಕೋಶಿಯವರು ರಾತ್ರಿ ಕೈಯಲ್ಲಿ ಲಾಂದ್ರ ಹಿಡಿದು ಗುರುವಿನ ಮನೆಗೆ ನಡೆದುಹೋಗಿ ಬೆಳಗಾಗುವ ಹೊತ್ತಿಗೆ ಹಿಂದಿರುಗುತ್ತಿದ್ದರು. ಇದನ್ನು ಕಂಡ ನೆರೆಹೊರೆಯವರಲ್ಲಿ ಕೆಲವರು ಈ ಮೇಷ್ಟ್ರು ಸೂಳೆಯರ ಮನೆಗೆ ಹೋಗಿ ಬರುತ್ತಿದ್ದಾರೆಂದೇ ತೀರ್ಮಾನಿಸಿದ್ದರು. ಅಂಗಳದ ಕತ್ತಲಲ್ಲಿ ಶಿಷ್ಯ ಒಂದೇ ಕಟಾವನ್ನು (ಕ್ರಮವಾಗಿ ಜೋಡಿಸಿದ ಚಲನೆಗಳ ಸರಣಿಯನ್ನು) ತಿಂಗಳುಗಟ್ಟಲೆ ಮಾಡುತ್ತಿದ್ದ, ಗುರು ಜಗುಲಿಯ ಮೇಲೆ ದೀಪದ ಪಕ್ಕ ನೆಟ್ಟಗೆ ಕುಳಿತು ನೋಡುತ್ತಿದ್ದರು. ಬರುತ್ತಿದ್ದ ಮಾತು ಹೆಚ್ಚಾಗಿ ‘ಇನ್ನೊಮ್ಮೆ’ ಎಂಬುದೊಂದೇ. ಎಂದಾದರೂ ‘ಚೆನ್ನಾಗಿದೆ’ ಎಂದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಇಂದು ತೆಕ್ಕಿ ಎಂದು ಕರೆಯುವ ಮೂರು ಕಟಾಗಳಿಗೇ ಹತ್ತು ವರ್ಷ ಹಿಡಿಯಿತು ಎಂದು ಅವರು ನೆನೆದಿದ್ದಾರೆ. ನಿಮ್ಮ ಮಗಳು ಅದೇ ಕಟಾವನ್ನು ಇನ್ನೂ ಎಷ್ಟು ಸಲ ಮಾಡಬೇಕೆಂದು ಗೊಣಗಿದರೆ ಈ ಲೆಕ್ಕವನ್ನು ಅವಳಿಗೆ ಹೇಳಬಹುದು.

ಅವರ ಇನ್ನೊಬ್ಬ ಗುರು ಆಂಕೋ ಇತೋಸು. ರಾತ್ರಿಯ ವಿದ್ಯೆಯನ್ನು ಹಗಲಿನ ಶಾಲೆಗೆ ತಂದವರು ಇವರೇ. 1901ರ ಸುಮಾರಿಗೆ ಓಕಿನಾವಾದ ಶಾಲಾಮಕ್ಕಳಿಗೆ ವ್ಯಾಯಾಮದ ಭಾಗವಾಗಿ ಕರಾಟೆ ಕಲಿಸುವುದು ಶುರುವಾಯಿತು. ಮಕ್ಕಳಿಗೆಂದೇ ಇತೋಸು ಅವರು ಪಿನಾನ್ ಎಂಬ ಐದು ಸರಳ ಕಟಾಗಳನ್ನು ರೂಪಿಸಿದರು. ನಿಮ್ಮ ಮಗಳು ಹೆಯಾನ್ ಎಂಬ ಹೆಸರಿನಲ್ಲಿ ಕಲಿಯುತ್ತಿರುವುದು ಅವುಗಳನ್ನೇ. ಹಿರಿಯರ ಗುಟ್ಟಿನ ವಿದ್ಯೆಯು ಪಾಠದ ಸಾಲಿಗೆ ಬಂದ ಆ ಬದಲಾವಣೆ ನಡೆಯುವಾಗ ಫುನಾಕೋಶಿಯವರು ಶಾಲೆಯೊಳಗೇ ಇದ್ದರು. ದುರ್ಬಲ ದೇಹದ ತಮ್ಮನ್ನು ಗಟ್ಟಿ ಮಾಡಿದ ಈ ಅಭ್ಯಾಸ ಎಲ್ಲ ಮಕ್ಕಳಿಗೂ ಸಿಗಬೇಕೆಂಬ ಹಂಬಲ ಅಲ್ಲಿಯೇ ಬೇರೂರಿತು ಎಂದು ನನ್ನ ನಂಬಿಕೆ.

ಆ ದಿನಗಳ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಮಾವನ ಮನೆಯ ಪೂರ್ವಿಕರ ಪೀಠಕ್ಕೆ ಎಡೆ ಇಡಲೆಂದು ಸಿಹಿ ತಿಂಡಿ ಕಟ್ಟಿಸಿಕೊಂಡು ರಾತ್ರಿ ಒಬ್ಬರೇ ಹೋಗುತ್ತಿದ್ದಾಗ ಇಬ್ಬರು ಅಡ್ಡಗಟ್ಟಿದರು. ಹೊಡೆದಾಟಕ್ಕೆ ಎಲ್ಲ ನೆವವೂ ಇತ್ತು. ಆದರೆ ಫುನಾಕೋಶಿಯವರು ತಿಂಡಿಯ ಗಂಟನ್ನು ಅವರ ಕೈಗೆ ಕೊಟ್ಟು ಮುಂದೆ ಹೊರಟರು. ಮರುದಿನ ಇದನ್ನು ಕೇಳಿದ ಗುರುಗಳು ಮೆಚ್ಚಿಕೊಂಡರು. ಹಾಗಾದರೆ ಪೀಠಕ್ಕೆ ಏನು ಅರ್ಪಿಸಿದೆ ಎಂದು ಅಜಾತೋ ಕೇಳಿದಾಗ, ಕೈಯಲ್ಲಿ ಏನೂ ಉಳಿಯದ್ದರಿಂದ ಮನಸಾರೆ ಪ್ರಾರ್ಥಿಸಿದೆ ಎಂದು ಶಿಷ್ಯ ಹೇಳಿದರು. ಕರಾಟೆಯ ನಿಜವಾದ ಮನೋಭಾವ ಅದೇ ಎಂಬುದು ಗುರುವಿನ ಉತ್ತರವಾಗಿತ್ತು.

1922ರ ಮೇ ತಿಂಗಳಿನಲ್ಲಿ ಟೋಕಿಯೋದಲ್ಲಿ ಶಿಕ್ಷಣ ಇಲಾಖೆ ಏರ್ಪಡಿಸಿದ ವ್ಯಾಯಾಮ ಪ್ರದರ್ಶನಕ್ಕೆ ಓಕಿನಾವಾದ ಪ್ರತಿನಿಧಿಯಾಗಿ ಅವರು ಹೋದರು. ಆಗ ಅವರಿಗೆ ಐವತ್ತಮೂರು ವರ್ಷ. ಪ್ರದರ್ಶನ ಮುಗಿಸಿ ಊರಿಗೆ ಮರಳುವ ಎಣಿಕೆ ಇತ್ತು. ಅಷ್ಟರಲ್ಲಿ ಜೂಡೋ ಸ್ಥಾಪಕ ಜಿಗೋರೋ ಕಾನೋ ಅವರು ತಮ್ಮ ಕೊಡೋಕಾನ್ ಶಾಲೆಯಲ್ಲಿ ಕರಾಟೆ ತೋರಿಸಬೇಕೆಂದು ಕೇಳಿಕೊಂಡರು. ಟೋಕಿಯೋದಲ್ಲಿ ಓದುತ್ತಿದ್ದ ಓಕಿನಾವಾದ ಯುವಕ ಗೀಮಾ ಅವರೊಡನೆ ಫುನಾಕೋಶಿಯವರು ಅಲ್ಲಿ ಕಟಾಗಳನ್ನು ಮಾಡಿ ತೋರಿಸಿದರು. ಓಕಿನಾವಾದಲ್ಲಿ ಅಭ್ಯಾಸಕ್ಕೆಂದೇ ಪ್ರತ್ಯೇಕ ಉಡುಪು ಇರಲಿಲ್ಲವಾದ್ದರಿಂದ, ಆ ದಿನಕ್ಕಾಗಿ ಅವರು ಬಿಳಿ ಬಟ್ಟೆ ಕೊಂಡು ಜೂಡೋ ಮಾದರಿಯ ಅಂಗಿಯನ್ನು ತಾವೇ ಕೂತು ಹೊಲಿದರೆಂದು ಹೇಳುತ್ತಾರೆ. ಪ್ರತಿ ವಾರ ನೀವು ಒಗೆದು ಇಸ್ತ್ರಿ ಮಾಡುವ ಬಿಳಿ ಗೀ ಜೂಡೋದಿಂದ ಬಂದದ್ದು, ಬೆಲ್ಟಿನ ದರ್ಜೆಗಳೂ ಅಲ್ಲಿಂದಲೇ ಬಂದವು. 1924ರಲ್ಲಿ ಫುನಾಕೋಶಿಯವರು ಮೊದಲ ಬ್ಲ್ಯಾಕ್ ಬೆಲ್ಟುಗಳನ್ನು ಕೊಟ್ಟರು. ಅದೇ ವರ್ಷ ಕೇಯೋ ವಿಶ್ವವಿದ್ಯಾಲಯದಲ್ಲಿ ಜಪಾನಿನ ಮೊದಲ ವಿದ್ಯಾರ್ಥಿ ಕರಾಟೆ ಸಂಘ ಹುಟ್ಟಿತು.

ಊರಿಗೆ ಮರಳದೆ ಟೋಕಿಯೋದಲ್ಲಿ ಉಳಿದ ಮೊದಲ ವರ್ಷಗಳು ಕಡುಬಡತನದವು. ಕೊಯಿಶಿಕಾವಾದಲ್ಲಿ ಓಕಿನಾವಾ ವಿದ್ಯಾರ್ಥಿಗಳಿಗಾಗಿ ಇದ್ದ ಮೇಯ್ಸೇಯ್ ಜುಕು ಎಂಬ ಹಾಸ್ಟೆಲಿನಲ್ಲಿ ಒಂದು ಸಣ್ಣ ಕೋಣೆ ಸಿಕ್ಕಿತು. ವಿದ್ಯಾರ್ಥಿಗಳು ಹೊರಗೆ ಹೋದ ಹೊತ್ತಿನಲ್ಲಿ ಸಭಾಂಗಣದಲ್ಲಿ ಕರಾಟೆ ಪಾಠ, ಉಳಿದ ಹೊತ್ತಿನಲ್ಲಿ ಕಾವಲು, ತೋಟದ ಕೆಲಸ, ಕೋಣೆಗಳ ಗುಡಿಸುವಿಕೆ. ಅಡುಗೆಯವನಿಗೆ ಕರಾಟೆ ಹೇಳಿಕೊಟ್ಟು ತಿಂಗಳ ಊಟದ ಹಣದಲ್ಲಿ ಸ್ವಲ್ಪ ಕಡಿಮೆ ಮಾಡಿಸಿಕೊಂಡಿದ್ದರು. ಒಂದು ದಿನ ಅಂಗಳ ಗುಡಿಸುತ್ತಿದ್ದಾಗ ಪತ್ರಿಕೆಯ ವರದಿಗಾರನೊಬ್ಬ ಬಂದು ಫುನಾಕೋಶಿ ಸೆನ್ಸೈ (ಗುರುಗಳು) ಎಲ್ಲಿದ್ದಾರೆ ಎಂದು ಕೇಳಿದ. ಒಂದು ನಿಮಿಷ ಎಂದು ಹೇಳಿ ಪೊರಕೆ ಇಟ್ಟು ಒಳಗೆ ಓಡಿ, ಒಳ್ಳೆಯ ಕಿಮೋನೋ ತೊಟ್ಟು ಹೊರಬಂದು, ನಾನೇ ಫುನಾಕೋಶಿ ಎಂದು ವಂದಿಸಿದರು. ಜಾಡಮಾಲಿಯೂ ಸೆನ್ಸೈಯೂ ಒಬ್ಬರೇ ಎಂದು ತಿಳಿದಾಗ ಆ ವರದಿಗಾರನ ಮುಖದಲ್ಲಿ ಮೂಡಿದ ಬೆರಗನ್ನು ಅವರು ಮುದಿತನದಲ್ಲಿಯೂ ಮರೆತಿರಲಿಲ್ಲ.

ಇಷ್ಟು ಕಾಲವೂ ಹೆಂಡತಿ ಓಕಿನಾವಾದಲ್ಲಿಯೇ ಇದ್ದರು. ಪೂರ್ವಿಕರ ಪೂಜೆಯನ್ನೂ ಸಮಾಧಿಗಳನ್ನೂ ಬಿಟ್ಟು ಬರಲು ಅವರು ಒಪ್ಪಲಿಲ್ಲ. ಬಟ್ಟೆ ನೇಯ್ದು, ತರಕಾರಿ ಬೆಳೆದು ಮಕ್ಕಳನ್ನು ಸಾಕಿದ ಆ ಹೆಂಗಸು ಗಂಡನ ಅಭ್ಯಾಸ ನೋಡಿ ನೋಡಿಯೇ ಕರಾಟೆ ಕಲಿತಿದ್ದರು. ದಣಿವಾದಾಗ ಅಂಗಳಕ್ಕೆ ಇಳಿದು ಕಟಾ ಮಾಡಿ ಮೈ ಹಗುರ ಮಾಡಿಕೊಳ್ಳುತ್ತಿದ್ದರಂತೆ. ಫುನಾಕೋಶಿಯವರ ಬಗ್ಗೆ ಬರೆಯುವವರು ಈ ತಾಯಿಯನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಅದು ನನಗೆ ಸರಿಯೆನಿಸುವುದಿಲ್ಲ. ಟೋಕಿಯೋದಲ್ಲಿ ಕರಾಟೆ ಬೇರುಬಿಟ್ಟದ್ದರ ಬೆಲೆಯಲ್ಲಿ ದೊಡ್ಡ ಪಾಲನ್ನು ತೆತ್ತವರು ಅವರು.

ಈಗ ಅವರು ಮಾಡಿದ ದೊಡ್ಡ ಬದಲಾವಣೆಗೆ ಬರೋಣ. ಹಿಂದೆ ಈ ವಿದ್ಯೆಯ ಹೆಸರನ್ನು ‘ಚೀನೀ ಕೈ’ ಎಂಬರ್ಥದ ಲಿಪಿಯಲ್ಲಿ ಬರೆಯುತ್ತಿದ್ದರು. ಜಪಾನೀ ಭಾಷೆಯಲ್ಲಿ ‘ಕರಾ’ ಎಂಬ ಉಚ್ಚಾರಕ್ಕೆ ಬರಿದು, ಶೂನ್ಯ ಎಂಬ ಅರ್ಥದ ಇನ್ನೊಂದು ಲಿಪಿಯೂ ಉಂಟು. ಓಕಿನಾವಾದ ಹನಾಶಿರೋ ಚೋಮೋ 1905ರಲ್ಲಿಯೇ ಆ ಎರಡನೆಯ ಲಿಪಿಯನ್ನು ಬಳಸಿದ್ದರೂ, ಅದನ್ನು ವಾದಿಸಿ ನೆಲೆಗೊಳಿಸಿದವರು ಫುನಾಕೋಶಿ. ಕೈಯಲ್ಲಿ ಆಯುಧವಿಲ್ಲ ಎಂಬುದು ಒಂದು ಅರ್ಥ. ಅದಕ್ಕಿಂತ ಆಳದ ಅರ್ಥಕ್ಕೆ ಅವರು ಹೋದದ್ದು ಬೌದ್ಧರ ಪ್ರಜ್ಞಾಪಾರಮಿತಾ ಹೃದಯ ಸೂತ್ರದ ‘ರೂಪಂ ಶೂನ್ಯತಾ, ಶೂನ್ಯತೈವ ರೂಪಂ’ ಎಂಬ ಮಾತಿಗೆ. ಶೂನ್ಯ, ಬಯಲು ಎಂಬ ಮಾತುಗಳನ್ನು ವಚನಗಳಲ್ಲಿ ಕೇಳಿ ಬೆಳೆದ ಕನ್ನಡಿಗರಿಗೆ ಇದು ಅಪರಿಚಿತ ನೆಲವಲ್ಲ. ಅವರು ಕಟಾಗಳ ಹೆಸರುಗಳನ್ನೂ ಬದಲಿಸಿದರು: ಪಿನಾನ್ ಹೋಗಿ ಹೆಯಾನ್, ಕುಶಾಂಕು ಹೋಗಿ ಕಾಂಕು, ನೈಹಾಂಚಿ ಹೋಗಿ ತೆಕ್ಕಿ ಬಂತು. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಇವೆಲ್ಲ ನಡೆದದ್ದು ಜಪಾನಿನಲ್ಲಿ ರಾಷ್ಟ್ರವಾದ ಏರುತ್ತಿದ್ದ, ಚೀನಾದೊಡನೆ ಹಗೆ ಬೆಳೆಯುತ್ತಿದ್ದ 1930ರ ಆಸುಪಾಸಿನಲ್ಲಿ. ಚೀನಾದ ಹೆಸರು ಹೊತ್ತ ವಿದ್ಯೆಗೆ ಅಲ್ಲಿ ಜಾಗ ಸಿಗುವುದು ಕಷ್ಟವಿತ್ತು. ಓಕಿನಾವಾದ ಹಿರಿಯರಲ್ಲಿ ಹಲವರಿಗೆ ಈ ಬದಲಾವಣೆ ನೋವುಂಟುಮಾಡಿತು. ಆ ನೋವು ನ್ಯಾಯವಾದದ್ದೇ ಎನ್ನುವುದು ನನ್ನ ಅಭಿಪ್ರಾಯ. ಆದರೆ ಹೊಸ ಹೆಸರಿಲ್ಲದೆ ಕರಾಟೆ ಆ ದ್ವೀಪವನ್ನು ದಾಟಿ ಇಷ್ಟು ದೂರ ಬರುತ್ತಿರಲಿಲ್ಲ ಎಂಬುದನ್ನೂ ಅಲ್ಲಗಳೆಯಲಾಗದು.

ಸಮಕಾಲೀನರೆಲ್ಲ ಅವರನ್ನು ಒಪ್ಪಿದ್ದರೆಂದು ತಿಳಿಯಬೇಡಿ. ಓಕಿನಾವಾದವರೇ ಆದ, ಬೀದಿ ಕಾಳಗಗಳಲ್ಲಿ ಹೆಸರು ಮಾಡಿದ್ದ ಚೋಕಿ ಮೊತೋಬು ಅವರು, ಫುನಾಕೋಶಿಯವರದು ಕಟಾದ ಅಂದವೇ ಹೊರತು ಹೊಡೆದಾಟದ ಸತ್ವವಲ್ಲವೆಂದು ಬಹಿರಂಗವಾಗಿಯೇ ಹೇಳುತ್ತಿದ್ದರು. ವಿದೇಶೀ ಬಾಕ್ಸರನೊಬ್ಬನನ್ನು ಮೊತೋಬು ಸೋಲಿಸಿದ ಕಥೆಯನ್ನು 1925ರಲ್ಲಿ ಒಂದು ಜನಪ್ರಿಯ ಮಾಸಪತ್ರಿಕೆ ಪ್ರಕಟಿಸಿದಾಗ, ಚಿತ್ರಗಳಲ್ಲಿ ಮಾತ್ರ ಫುನಾಕೋಶಿಯವರ ರೂಪವಿತ್ತು. ಇದು ಇಬ್ಬರ ನಡುವಿನ ಕಹಿಯನ್ನು ಹೆಚ್ಚಿಸಿತು. ಕಾಳಗದ ಬಲದಲ್ಲಿ ಇವರಿಬ್ಬರಲ್ಲಿ ಯಾರು ಮೇಲು ಎಂಬ ಚರ್ಚೆ ಇಂದಿಗೂ ನಡೆಯುತ್ತಿದೆ. ನನಗೆ ಅದರಲ್ಲಿ ಆಸಕ್ತಿಯಿಲ್ಲ. ಹತ್ತು ಜನರನ್ನು ಸೋಲಿಸಬಲ್ಲವನು ಒಬ್ಬ, ಹತ್ತು ಸಾವಿರ ಮಕ್ಕಳಿಗೆ ಕಲಿಸಲು ಬರುವಂಥ ಪಾಠವನ್ನು ಕಟ್ಟಬಲ್ಲವನು ಇನ್ನೊಬ್ಬ. ಎರಡೂ ಬೇರೆ ಬೇರೆ ವಿದ್ಯೆಗಳು.

1930ರ ದಶಕದ ಕೊನೆಯ ವರ್ಷಗಳಲ್ಲಿ ಟೋಕಿಯೋದ ಜೋಶಿಗಾಯಾದಲ್ಲಿ ಶಿಷ್ಯರು ಚಂದಾ ಎತ್ತಿ ಅವರಿಗೊಂದು ಸ್ವಂತ ಡೋಜೋ, ಅಂದರೆ ಅಭ್ಯಾಸಶಾಲೆ, ಕಟ್ಟಿಸಿದರು. ಬಾಗಿಲ ಮೇಲೆ ‘ಶೋಟೋಕಾನ್’ ಎಂಬ ಫಲಕವಿತ್ತು. ಶೋಟೋ ಎಂದರೆ ಪೈನ್ ಮರಗಳ ನಡುವೆ ಗಾಳಿ ಬೀಸುವಾಗ ಏಳುವ ಅಲೆಯ ಸದ್ದು, ಕಾನ್ ಎಂದರೆ ಮನೆ. ಯೌವನದಲ್ಲಿ ಶುರಿಯ ಬಳಿಯ ಗುಡ್ಡದಲ್ಲಿ ಒಂಟಿಯಾಗಿ ಅಡ್ಡಾಡುತ್ತ ಕೇಳಿದ ಆ ಸದ್ದನ್ನೇ ಅವರು ತಮ್ಮ ಕಾವ್ಯನಾಮವಾಗಿ ಇಟ್ಟುಕೊಂಡಿದ್ದರು. ಅದನ್ನು ಒಂದು ಶೈಲಿಯ ಹೆಸರೆಂದು ಅವರು ಎಂದೂ ಹೇಳಲಿಲ್ಲ. ಕರಾಟೆಯನ್ನು ಪಂಗಡಗಳಾಗಿ ಒಡೆಯುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಆ ಡೋಜೋದಲ್ಲಿ ಪಾಠ ಹೇಳುತ್ತಿದ್ದ ಮೂರನೆಯ ಮಗ ಗೀಗೋ ಅವರಿಂದಲೇ ಇಂದಿನ ಶೋಟೋಕಾನಿನ ಉದ್ದನೆಯ, ತಗ್ಗಿನ ನಿಲುವುಗಳೂ ಎತ್ತರದ ಒದೆತಗಳೂ ಬಹುಮಟ್ಟಿಗೆ ಬಂದವು. 1945ರಲ್ಲಿ ಬಾಂಬುದಾಳಿಗೆ ಡೋಜೋ ಸುಟ್ಟುಹೋಯಿತು. ಎಳವೆಯಿಂದ ಕ್ಷಯದಿಂದ ನರಳುತ್ತಿದ್ದ ಗೀಗೋ ಅದೇ ವರ್ಷ ತೀರಿಕೊಂಡರು. ಎಷ್ಟೋ ಶಿಷ್ಯರು ಯುದ್ಧದಿಂದ ಮರಳಲಿಲ್ಲ. ಓಕಿನಾವಾ ರಣರಂಗವಾದಾಗ ನಿರಾಶ್ರಿತರಾಗಿ ಕ್ಯೂಶು ದ್ವೀಪದ ಓಯಿತಾಗೆ ಬಂದಿದ್ದ ಹೆಂಡತಿಯನ್ನು ಅವರು ಅಲ್ಲಿಗೆ ಹೋಗಿ ಸೇರಿಕೊಂಡರು. ದಶಕಗಳ ಅಗಲಿಕೆಯ ನಂತರದ ಆ ಸಂಸಾರ ಎರಡು ವರ್ಷವೂ ಸರಿಯಾಗಿ ನಡೆಯಲಿಲ್ಲ. 1947ರಲ್ಲಿ ಹೆಂಡತಿಯೂ ತೀರಿಕೊಂಡರು. ಅಸ್ಥಿಯೊಡನೆ ಟೋಕಿಯೋಗೆ ರೈಲಿನಲ್ಲಿ ಮರಳುವಾಗ ದಾರಿಯ ನಿಲ್ದಾಣಗಳಲ್ಲಿ ಹಳೆಯ ಶಿಷ್ಯರು ಸಂತಾಪ ಹೇಳಲು ಕಾದು ನಿಂತಿದ್ದನ್ನು ಕಂಡು ಆ ವೃದ್ಧರಿಗೆ ಕಣ್ಣೀರು ತಡೆಯಲಾಗಲಿಲ್ಲ.

ಇನ್ನು ಸ್ಪರ್ಧೆಯ ಮಾತು. ನೀವು ಓದಿದ್ದು ನಿಜ. 1920ರ ದಶಕದ ಕೊನೆಯಲ್ಲಿ ಟೋಕಿಯೋ ಸಾಮ್ರಾಜ್ಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ರಕ್ಷಾಕವಚ ತೊಟ್ಟು ಮುಕ್ತವಾಗಿ ಹೊಡೆದಾಡತೊಡಗಿದ್ದು ತಿಳಿದಾಗ ಅವರು ಅಲ್ಲಿ ಪಾಠ ಹೇಳುವುದನ್ನೇ ನಿಲ್ಲಿಸಿದರು. ಇಂಥ ಹೊಡೆತಕ್ಕೆ ಇಂಥ ತಡೆ ಎಂದು ಮೊದಲೇ ಗೊತ್ತುಮಾಡಿಕೊಂಡು ಇಬ್ಬರು ಸೇರಿ ಮಾಡುವ ಕುಮಿಟೆಗೆ ಅವರ ಅಡ್ಡಿಯಿರಲಿಲ್ಲ. ಅಂಕ ಎಣಿಸಿ ಗೆದ್ದವನು ಸೋತವನು ಎಂದು ಘೋಷಿಸುವುದಕ್ಕೆ ಮಾತ್ರ ವಿರೋಧವಿತ್ತು. ಅವರು ಬರೆದ ಇಪ್ಪತ್ತು ಸೂತ್ರಗಳಲ್ಲಿ ಮೊದಲನೆಯದು ಕರಾಟೆ ವಂದನೆಯಿಂದ ಆರಂಭವಾಗಿ ವಂದನೆಯಲ್ಲಿ ಮುಗಿಯಬೇಕು ಎನ್ನುತ್ತದೆ, ಎರಡನೆಯದು ಕರಾಟೆಯಲ್ಲಿ ಮೊದಲ ಏಟು ಇಲ್ಲ ಎನ್ನುತ್ತದೆ. ಮೊದಲ ಏಟೇ ಇಲ್ಲದ ವಿದ್ಯೆಯಲ್ಲಿ ಮೊದಲು ಮುಟ್ಟಿದವನಿಗೆ ಅಂಕ ಕೊಡುವುದು ಹೇಗೆ ಎಂಬುದು ಅವರ ತೊಡಕು.

ಆ ಸೂತ್ರವನ್ನು ಅವರು ತಮಗೂ ಎಷ್ಟು ಬಿಗಿಯಾಗಿ ಅನ್ವಯಿಸಿಕೊಂಡಿದ್ದರೆಂಬುದಕ್ಕೆ ಒಂದು ಉದಾಹರಣೆ ಇದೆ. ಯುದ್ಧಾನಂತರದ ದಿನಗಳಲ್ಲಿ, ಎಂಬತ್ತರ ಆಸುಪಾಸಿನಲ್ಲಿದ್ದಾಗ, ರಾತ್ರಿ ದಾರಿಯಲ್ಲಿ ಒಬ್ಬ ಕಳ್ಳ ಅವರ ಮೇಲೆ ಬಿದ್ದ. ಅವನ ಏಟಿನಿಂದ ಬಗ್ಗಿ ತಪ್ಪಿಸಿಕೊಂಡ ಅವರು ಅವನ ಮರ್ಮಸ್ಥಾನವನ್ನು ಬಿಗಿಯಾಗಿ ಹಿಡಿದರು. ಅಷ್ಟರಲ್ಲಿ ಬಂದ ಪೊಲೀಸಿನವನಿಗೆ ಅವನನ್ನು ಒಪ್ಪಿಸಿ ಮನೆಗೆ ಹೋದರು. ನಾವಾಗಿದ್ದರೆ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ಅವರು ನಾಚಿಕೆಯಿಂದ ಬರೆದಿದ್ದಾರೆ. ಆ ಮನುಷ್ಯ ಯುದ್ಧದಿಂದ ಮರಳಿದ ಬಡವನಿರಬೇಕು, ಕ್ಷಣಿಕ ಆವೇಶದಲ್ಲಿ ಕೈಮಾಡಿರಬೇಕು, ಶಿಷ್ಯರಿಗೆ ಮಾಡಬೇಡಿರೆಂದು ಹೇಳುತ್ತ ಬಂದದ್ದನ್ನು ನಾನೇ ಮಾಡಿಬಿಟ್ಟೆ ಎಂದು ಅವರು ಕೊರಗಿದರು.

1957ರ ಏಪ್ರಿಲ್ 26ರಂದು ಅವರು ನಿಧನರಾದರು. ಅಂತ್ಯಕ್ರಿಯೆಯನ್ನು ಯಾರು ನಡೆಸಬೇಕೆಂಬುದರಲ್ಲಿಯೇ ಶಿಷ್ಯರು ಎರಡು ಪಾಲಾದರು: ಒಂದು ಕಡೆ 1949ರಲ್ಲಿ ಸ್ಥಾಪನೆಯಾಗಿದ್ದ ಜಪಾನ್ ಕರಾಟೆ ಸಂಘ, ಇನ್ನೊಂದು ಕಡೆ ಶೋಟೋಕಾಯ್ ಬಣ. ಅದೇ ವರ್ಷದ ಅಕ್ಟೋಬರಿನಲ್ಲಿ ಜಪಾನ್ ಕರಾಟೆ ಸಂಘ ತನ್ನ ಮೊದಲ ರಾಷ್ಟ್ರೀಯ ಸ್ಪರ್ಧೆಯನ್ನು ನಡೆಸಿತು. ಗುರು ಕಣ್ಮುಚ್ಚಿ ಆರು ತಿಂಗಳಷ್ಟೇ ಆಗಿತ್ತು. ಶೋಟೋಕಾಯ್‌ನವರು ಇಂದಿಗೂ ಸ್ಪರ್ಧೆಯಿಂದ ದೂರವೇ ಉಳಿದಿದ್ದಾರೆ. ಆದರೆ ಸ್ಪರ್ಧೆಯನ್ನು ಆರಿಸಿಕೊಂಡ ಬಣವನ್ನು ಗುರುದ್ರೋಹಿ ಎಂದು ಕರೆಯಲು ನನ್ನ ಮನಸ್ಸು ಒಪ್ಪದು. ಮಸಾತೋಶಿ ನಕಾಯಾಮಾ ಅವರ ಮುಂದಾಳತ್ವದಲ್ಲಿ ಅವರು ಏಟನ್ನು ಮೈಗೆ ತಾಗುವ ಮೊದಲೇ ತಡೆಹಿಡಿಯುವ ನಿಯಮಗಳನ್ನು ರೂಪಿಸಿದರು, ಬೋಧಕರಿಗೆ ಕಟ್ಟುನಿಟ್ಟಾದ ತರಬೇತಿ ಕೊಟ್ಟು ದೇಶದೇಶಗಳಿಗೆ ಕಳಿಸಿದರು. 2021ರಲ್ಲಿ ಟೋಕಿಯೋ ಒಲಿಂಪಿಕ್ಸಿಗೆ ಕರಾಟೆ ಬಂದಾಗ ಪುರುಷರ ಕಟಾ ವಿಭಾಗದಲ್ಲಿ ಚಿನ್ನ ಗೆದ್ದವರು ಓಕಿನಾವಾದ ರ್ಯೋ ಕಿಯೂನಾ. ಆ ದ್ವೀಪದವರೊಬ್ಬರು ಗೆದ್ದ ಮೊದಲ ಒಲಿಂಪಿಕ್ ಚಿನ್ನವದು. ಅವರು ಫುನಾಕೋಶಿಯವರ ಪರಂಪರೆಯವರಲ್ಲ. ಆದರೂ ಆ ದಿನ ಟಿವಿಯ ಮುಂದೆ ಕುಳಿತಿದ್ದ ನನಗೆ, ಮೂರು ಸುರುಳಿಗಳ ಮೇಲೆ ಕಟಾದ ಫೋಟೋಗಳನ್ನು ಅಂಟಿಸಿಕೊಂಡು 1922ರಲ್ಲಿ ಅದೇ ನಗರಕ್ಕೆ ಬಂದಿಳಿದ ಮೇಷ್ಟ್ರು ನೆನಪಾದರು.

ನಿಮ್ಮ ಮಗಳ ವಿಷಯಕ್ಕೆ ಬರುತ್ತೇನೆ. ಟೂರ್ನಮೆಂಟಿಗೆ ಕಳಿಸಲೇಬಾರದೆಂದು ನಾನು ಹೇಳುವುದಿಲ್ಲ. ಗುರುತಿಲ್ಲದವರ ಎದುರು ನಿಂತು, ಎದೆ ಡವಗುಟ್ಟುತ್ತಿರುವಾಗಲೂ ಕಲಿತದ್ದನ್ನು ಮಾಡಿ ತೋರಿಸುವುದು ಮಕ್ಕಳಿಗೆ ಒಳ್ಳೆಯ ಅನುಭವ. ವರ್ಷಕ್ಕೆ ಒಂದೆರಡು ಸಾಕು. ಆದರೆ ಅಭ್ಯಾಸವೆಲ್ಲ ಸ್ಪರ್ಧೆಗಾಗಿಯೇ ಎಂಬಂತಾದರೆ ಏನಾಗುತ್ತದೆಂಬುದನ್ನು ಕಂಡಿದ್ದೇನೆ. ಹಿಂದೊಮ್ಮೆ ಬೇರೆ ತರಗತಿಯಿಂದ ನನ್ನಲ್ಲಿಗೆ ಬಂದ ಹುಡುಗನ ಮನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಪದಕಗಳಿದ್ದವು. ಅವನಿಗೆ ಬರುತ್ತಿದ್ದದ್ದು ಸ್ಪರ್ಧೆಗೆಂದು ಕಲಿಸಿದ ಒಂದೇ ಕಟಾ, ಅದರಲ್ಲಿಯ ಒಂದು ಚಲನೆಯೂ ಏತಕ್ಕೆಂದು ತಿಳಿದಿರಲಿಲ್ಲ. ಮೊದಲ ಸಲ ಸೋತ ದಿನ ಅವನು ಕರಾಟೆಯನ್ನೇ ಬಿಟ್ಟುಬಿಟ್ಟ. ತಪ್ಪು ಹುಡುಗನದಲ್ಲ. ಆದ್ದರಿಂದ ಅವಳ ತರಗತಿಯಲ್ಲಿ ಪದಕಗಳನ್ನು ಎಣಿಸಬೇಡಿ. ಸೋತು ಬಂದ ವಾರ ಬೋಧಕರು ಮಕ್ಕಳೊಡನೆ ಹೇಗೆ ಮಾತನಾಡುತ್ತಾರೆ, ಹಿಂದುಳಿದ ಮಗುವಿನ ಹತ್ತಿರ ಎಷ್ಟು ಹೊತ್ತು ನಿಲ್ಲುತ್ತಾರೆ, ಬೆಲ್ಟ್ ಪರೀಕ್ಷೆಯಲ್ಲಿ ಯಾರನ್ನಾದರೂ ಇನ್ನೊಮ್ಮೆ ಬಾ ಎಂದು ಹಿಂದಕ್ಕೆ ಕಳಿಸುವ ಧೈರ್ಯ ತೋರುತ್ತಾರೆಯೇ ಎಂಬುದನ್ನು ನೋಡಿ.

ಇನ್ನೊಂದು ಕೆಲಸ ಮಾಡಿ. ಇಂದು ಸಂಜೆ ಅವಳಿಗೆ ಹೆಯಾನ್ ಶೋದಾನ್ ಮಾಡಿ ತೋರಿಸಲು ಹೇಳಿ. ಬಾಗಿ ವಂದಿಸಿದ ಮೇಲೆ ಅವಳು ಎಡಕ್ಕೆ ತಿರುಗಿ ಕೈಯನ್ನು ಭುಜದಿಂದ ಮೊಣಕಾಲಿನ ಕಡೆಗೆ ಇಳಿಸುತ್ತಾಳೆ. ಅದು ಏಟಲ್ಲ, ಎದುರಾಳಿಯ ಏಟನ್ನು ತಡೆಯುವ ಬ್ಲಾಕ್. ಐದು ಹೆಯಾನ್ ಕಟಾಗಳೂ ಹೀಗೆ ತಡೆಯಿಂದಲೇ ಆರಂಭವಾಗುತ್ತವೆ. ಏಕೆಂದು ಅವಳನ್ನೇ ಕೇಳಿ, ಗೊತ್ತಿಲ್ಲವೆಂದರೆ ಸಿಹಿ ತಿಂಡಿಯ ಗಂಟಿನ ಕಥೆಯನ್ನು ಹೇಳಿ.